ಫ್ಯೂಸ್ ಕೀಳುವ ಮುನ್ನ: ಬಿಲ್ ಕಟ್ಟಲಾಗದ ಮನೆಗೆ ತುರ್ತು ನೆರವು ದೊರಕಿಸುವ ದಾರಿ

ಕರೆಂಟ್ ಕಟ್ ಮಾಡುವ ನೋಟಿಸ್ ಬಂದ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ, ಇಷ್ಟೊಂದು ದುಡ್ಡು ಎಲ್ಲಿಂದ ತರೋದು ಅನ್ನುವುದು. ಅದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ನೋಟಿಸಿನಲ್ಲಿ ಮೊದಲು ಹುಡುಕಬೇಕಾದದ್ದು ಮೊತ್ತವನ್ನಲ್ಲ, ತಾರೀಖನ್ನು. ಯಾವತ್ತು ಕಡಿತ? ಆ ದಿನಕ್ಕೆ ಇನ್ನೆಷ್ಟು ಕಚೇರಿ ದಿನಗಳು ಉಳಿದಿವೆ? ನಡುವೆ ರಜೆ ಇದೆಯೇ? ಈ ಮೂರು ಗೊತ್ತಾದ ಮೇಲೆ ಮಾತ್ರ ಯಾವ ಬಾಗಿಲು ತಟ್ಟಬೇಕು ಅನ್ನುವುದು ತೀರ್ಮಾನವಾಗುತ್ತದೆ. ಬಾಕಿ ಚಿಕ್ಕದಾಗಿದ್ದೂ ತಾರೀಖು ತಪ್ಪಿದ್ದರಿಂದ ಕತ್ತಲಾಗಬಹುದು, ಬಾಕಿ ಬೆಟ್ಟದಷ್ಟಿದ್ದೂ ಸಮಯಕ್ಕೆ ಸರಿಯಾಗಿ ಕೇಳಿದ್ದರಿಂದ ದೀಪ ಉಳಿಯಬಹುದು.

ನೆರವು ಕೊಡುವವರ ಬಳಿ ಅರ್ಜಿಗಳು ಸಾಮಾನ್ಯವಾಗಿ ಎರಡು ರಾಶಿಯಾಗುತ್ತವೆ, ಸಾಮಾನ್ಯ ಮತ್ತು ತುರ್ತು. ಅಮೆರಿಕದಲ್ಲಿ ಕಡಿಮೆ ಆದಾಯದ ಮನೆಗಳಿಗೆ ಇಂಧನ ನೆರವು ಕೊಡುವ ಲೈಹೀಪ್ ಯೋಜನೆ 1981ರ ಕಾಯ್ದೆಯಿಂದ ಬಂದದ್ದು. ಅದರಲ್ಲಿ ಈ ವ್ಯತ್ಯಾಸ ಕಾನೂನಿನ ಮಾತಾಗಿಯೇ ಇದೆ: ಬಿಕ್ಕಟ್ಟಿನಲ್ಲಿರುವ ಅರ್ಹ ಮನೆ ಅರ್ಜಿ ಹಾಕಿದ 48 ಗಂಟೆಯೊಳಗೆ ಯಾವುದಾದರೂ ರೂಪದಲ್ಲಿ ನೆರವು ಸಿಗಬೇಕು, ಜೀವಕ್ಕೇ ಅಪಾಯವಿದ್ದರೆ 18 ಗಂಟೆಯೊಳಗೆ. ಬೇರೆ ಕಡೆ ಗಂಟೆಗಳ ಲೆಕ್ಕ ಬೇರೆ ಇದ್ದೀತು, ಆದರೆ ಅರ್ಜಿ ಓದುವವರ ಕಣ್ಣು ಹುಡುಕುವುದು ಈ ತುರ್ತನ್ನೇ. “ತುಂಬಾ ಕಷ್ಟದಲ್ಲಿದ್ದೇವೆ, ದಯವಿಟ್ಟು ಸಹಾಯ ಮಾಡಿ” ಎಂದು ಬರೆದ ಅರ್ಜಿ ಸಾಮಾನ್ಯ ರಾಶಿಗೆ ಹೋಗುತ್ತದೆ. “ಈ ತಿಂಗಳ 14ರಂದು ಕಡಿತ, ಮನೆಯಲ್ಲಿ ಆಮ್ಲಜನಕ ಯಂತ್ರ ಬಳಸುವವರು ಒಬ್ಬರಿದ್ದಾರೆ” ಎಂದು ಮೊದಲ ಸಾಲಿನಲ್ಲೇ ಬರೆದದ್ದು ತುರ್ತು ರಾಶಿಗೆ ಹೋಗುತ್ತದೆ. ಕಷ್ಟ ಎರಡರಲ್ಲೂ ಒಂದೇ. ಬರೆದ ರೀತಿ ಬೇರೆ.

ಮೊದಲ ಕರೆ ಯಾರಿಗೆ?

ನೆರವು ಕೊಡುವ ಸಂಸ್ಥೆಗಲ್ಲ, ವಿದ್ಯುತ್ ಅಥವಾ ಗ್ಯಾಸ್ ಕಂಪನಿಗೆ. ಬಾಕಿ ಇಟ್ಟುಕೊಂಡು ಅವರಿಗೇ ಫೋನ್ ಮಾಡಲು ಮುಜುಗರವಾಗುತ್ತದೆ, ಬೈಸಿಕೊಳ್ಳಬೇಕಾದೀತು ಎಂಬ ಅಳುಕೂ ಇರುತ್ತದೆ. ಆದರೂ ಮಾಡಬೇಕು, ಏಕೆಂದರೆ ಕಡಿತದ ಪಟ್ಟಿಯಿಂದ ಹೆಸರು ತೆಗೆಯುವ ಅಧಿಕಾರ ಇರುವುದು ಅವರಿಗೆ ಮಾತ್ರ. ಕರೆ ಮಾಡುವ ಮುಂಚೆ ಬಿಲ್ಲನ್ನು ಎದುರಿಗಿಟ್ಟುಕೊಳ್ಳಿ, ಪೆನ್ನು ಕಾಗದ ಇರಲಿ, ಮೀಟರಿನ ಇವತ್ತಿನ ರೀಡಿಂಗ್ ಫೋಟೊ ತೆಗೆದುಕೊಂಡಿರಿ. ಮಾತು ಹೆಚ್ಚುಕಡಿಮೆ ಹೀಗಿದ್ದರೆ ಸಾಕು:

“ನಮಸ್ಕಾರ. ನಮ್ಮ ಗ್ರಾಹಕ ಸಂಖ್ಯೆ ಬರೆದುಕೊಳ್ಳಿ. 14ನೇ ತಾರೀಖಿಗೆ ಕಡಿತ ಅಂತ ನೋಟಿಸ್ ಬಂದಿದೆ. ಮನೆಯಲ್ಲಿ ನಮ್ಮ ತಾಯಿಯವರಿದ್ದಾರೆ, 78 ವರ್ಷ, ಆಮ್ಲಜನಕ ಯಂತ್ರದ ಮೇಲಿದ್ದಾರೆ. ಕಡಿತ ನಿಲ್ಲಬೇಕಾದರೆ ಕನಿಷ್ಠ ಎಷ್ಟು ಕಟ್ಟಬೇಕು ಹೇಳಿ. ಉಳಿದದ್ದನ್ನು ಕಂತು ಮಾಡಿಕೊಡಿ. ನೆರವಿಗೆ ಅರ್ಜಿ ಹಾಕುತ್ತಿದ್ದೇವೆ, ಅದು ಇತ್ಯರ್ಥ ಆಗುವ ತನಕ ಕಡಿತ ತಡೆಹಿಡಿಯಬೇಕು. ಇದಕ್ಕೊಂದು ದೂರು ಸಂಖ್ಯೆ ಕೊಡಿ, ನಿಮ್ಮ ಹೆಸರೂ ಹೇಳಿ.”

ಇಷ್ಟರಲ್ಲಿ ತೂಕದ ಮಾತು “ಕನಿಷ್ಠ ಎಷ್ಟು” ಅನ್ನುವುದು. ಒಟ್ಟು ಬಾಕಿ ಬೇರೆ, ಕಡಿತ ನಿಲ್ಲಿಸಲು ಬೇಕಾದ ಮೊತ್ತ ಬೇರೆ. ಎರಡನೆಯದು ಎಷ್ಟೋ ಸಲ ಮೊದಲನೆಯದರ ಅರ್ಧವೂ ಇರುವುದಿಲ್ಲ. ನೆರವು ಸಿಕ್ಕರೂ ಫ್ಯೂಸ್ ಹೋಗುವುದು ಇಲ್ಲಿ ಎಡವಿದಾಗಲೇ: ಸಂಸ್ಥೆ ಒಂದು ಮೊತ್ತ ಮಂಜೂರು ಮಾಡುತ್ತದೆ, ಮನೆಯವರು ನೆಮ್ಮದಿಯಿಂದ ಮಲಗುತ್ತಾರೆ, ಆ ಮೊತ್ತ ಕನಿಷ್ಠಕ್ಕಿಂತ ಸ್ವಲ್ಪವೇ ಕಡಿಮೆ ಇದ್ದದ್ದರಿಂದ ಪಟ್ಟಿಯಿಂದ ಹೆಸರು ಹೋಗಿರುವುದೇ ಇಲ್ಲ. ಹಾಗಾಗಿ ಕಂಪನಿ ಹೇಳಿದ ಕನಿಷ್ಠ ಮೊತ್ತವನ್ನು ಎಸ್‌ಎಂಎಸ್ ಅಥವಾ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಅದೇ ಸಂಖ್ಯೆಯನ್ನು ನೆರವಿನ ಅರ್ಜಿಯಲ್ಲಿ ಬರೆಯಿರಿ. ಒಂದು ಕಡೆಯಿಂದ ಅಷ್ಟೂ ಸಿಗದಿದ್ದರೆ ಇನ್ನೊಂದು ಕಡೆಯಿಂದ ಬರುವುದನ್ನೂ, ಮನೆಯವರ ಕೈಯಲ್ಲಿ ಇರುವುದನ್ನೂ ಸೇರಿಸಿ, ಮೂರೂ ಸೇರಿ ಆ ಗೆರೆ ದಾಟುತ್ತದೆಯೇ ಎಂದು ಕೂಡಿಸಿ ನೋಡಿ. ಹಣ ಜಮೆಯಾಗಲು ಎರಡು ಮೂರು ದಿನ ಬೇಕಾದರೆ, ಮಂಜೂರು ಪತ್ರವನ್ನೇ ಕಂಪನಿಗೆ ಕಳಿಸಿ ಅದರ ಮೇಲೆ ಕಡಿತ ತಡೆಯಿರಿ ಎಂದು ಕೇಳಬಹುದು.

ಆಮ್ಲಜನಕ ಯಂತ್ರ, ಇನ್ಸುಲಿನ್, ಹಾಸಿಗೆ ಹಿಡಿದವರು

ಇಂಥ ಮನೆಗೆ ಬಿಲ್ ಜಾಸ್ತಿ ಬರುವುದು ಪೋಲು ಮಾಡಿದ್ದರಿಂದಲ್ಲ. ನಿಮಿಷಕ್ಕೆ 5 ಲೀಟರ್ ಕೊಡುವ ಆಮ್ಲಜನಕ ಕಾನ್ಸಂಟ್ರೇಟರ್ ಸುಮಾರು 350 ವ್ಯಾಟ್ ಎಳೆಯುತ್ತದೆ. ಹಗಲು ರಾತ್ರಿ ಓಡಿದರೆ 350 ಗುಣಿಸು 24, ಅಂದರೆ 8,400 ವ್ಯಾಟ್-ಗಂಟೆ, ದಿನಕ್ಕೆ 8.4 ಯೂನಿಟ್. ತಿಂಗಳಿಗೆ ಸುಮಾರು 250 ಯೂನಿಟ್ ಆ ಒಂದು ಯಂತ್ರಕ್ಕೇ ಹೋಗುತ್ತದೆ. ಅದರ ಪಕ್ಕದಲ್ಲಿ 75 ವ್ಯಾಟಿನ ಫ್ಯಾನ್ ದಿನಕ್ಕೆ 12 ಗಂಟೆ ತಿರುಗಿದರೂ ಒಂದು ಯೂನಿಟ್ ತುಂಬುವುದಿಲ್ಲ. ಈ ಲೆಕ್ಕವನ್ನು ಯಂತ್ರದ ಹಿಂದಿನ ಚೀಟಿಯ ಫೋಟೊ ಸಮೇತ ಅರ್ಜಿಗೆ ಲಗತ್ತಿಸಿ. ಬಿಲ್ ಯಾಕೆ ಏರಿತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಉತ್ತರ ಇಲ್ಲ.

ವೈದ್ಯರ ಪತ್ರದಲ್ಲಿ ಕಾಯಿಲೆಯ ಹೆಸರು ಇದ್ದರೆ ಸಾಲದು. ಯಾವ ಉಪಕರಣ, ದಿನಕ್ಕೆ ಎಷ್ಟು ಗಂಟೆ, ನಿಂತರೆ ಏನಾಗುತ್ತದೆ, ಎಷ್ಟು ತಿಂಗಳ ಕಾಲ ಬೇಕು, ಈ ನಾಲ್ಕೂ ಇರಬೇಕು. ಜೊತೆಗೆ ನೋಂದಣಿ ಸಂಖ್ಯೆ, ಸಹಿ, ಮೊಹರು, ಇತ್ತೀಚಿನ ತಾರೀಖು. “ರೋಗಿಗೆ ವಿಶ್ರಾಂತಿ ಅಗತ್ಯ” ಎಂಬ ಒಂದು ಸಾಲಿನ ಪತ್ರ ವಾಪಸ್ ಬರುತ್ತದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಇಂಥ ವೈದ್ಯಕೀಯ ಪತ್ರ ಸಲ್ಲಿಸಿದರೆ ಕಡಿತ ಕೆಲವು ವಾರ ಮುಂದೆ ಹೋಗುತ್ತದೆ. ಬ್ರಿಟನ್ನಿನಲ್ಲಿ ಪ್ರಯಾರಿಟಿ ಸರ್ವಿಸಸ್ ರಿಜಿಸ್ಟರ್ ಎಂಬ ಪಟ್ಟಿಯಿದೆ. ವಯಸ್ಸಾದವರು, ಅಂಗವಿಕಲರು, ಪುಟ್ಟ ಮಕ್ಕಳಿರುವ ಮನೆಯವರು, ವಿದ್ಯುತ್ ಉಪಕರಣದ ಮೇಲೆ ಜೀವ ಹಿಡಿದಿರುವವರು ಅದರಲ್ಲಿ ಹೆಸರು ಬರೆಸಬಹುದು, ದುಡ್ಡು ಕೊಡಬೇಕಿಲ್ಲ. ನಿಮ್ಮ ಕಂಪನಿಯಲ್ಲಿ ಇಂಥ ಪಟ್ಟಿ ಇದೆಯೇ ಎಂದು ಬಿಲ್ ಸರಿಯಾಗಿ ಕಟ್ಟುತ್ತಿರುವ ಕಾಲದಲ್ಲೇ ವಿಚಾರಿಸಿ ಹೆಸರು ಸೇರಿಸಿಡುವುದು ಒಳ್ಳೆಯದು. ನೋಟಿಸ್ ಬಂದ ಮೇಲೆ ಸೇರಿಸಲು ಹೋದರೆ ಪರಿಶೀಲನೆಗೇ ವಾರ ಕಳೆದುಹೋಗುತ್ತದೆ.

ಅಷ್ಟರಲ್ಲಿ ಕರೆಂಟ್ ಹೋದರೆ ಏನು ಮಾಡಬೇಕು ಅನ್ನುವುದೂ ತಯಾರಿರಲಿ. ಬದಲಿ ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ ಎಂಬುದು ಸುಲಭದ ಭಾಗಾಕಾರ: ಒಳಗಿರುವ ಆಮ್ಲಜನಕದ ಲೀಟರನ್ನು ನಿಮಿಷದ ಹರಿವಿನಿಂದ ಭಾಗಿಸಿ. 1,500 ಲೀಟರ್ ಇದ್ದು, ನಿಮಿಷಕ್ಕೆ 2 ಲೀಟರ್ ಬೇಕಿದ್ದರೆ 750 ನಿಮಿಷ, ಹನ್ನೆರಡೂವರೆ ಗಂಟೆ. ಹರಿವು 4 ಲೀಟರಿಗೆ ಏರಿದರೆ ಅದು ಆರೂಕಾಲು ಗಂಟೆಗೆ ಇಳಿಯುತ್ತದೆ. ಪೂರ್ತಿ ಖಾಲಿಯಾಗುವ ತನಕ ಕಾಯಬೇಡಿ, ಕಾಲು ಭಾಗ ಉಳಿದಾಗಲೇ ಇನ್ನೊಂದಕ್ಕೆ ಅಥವಾ ಆಸ್ಪತ್ರೆಗೆ ಫೋನ್ ಮಾಡಿ. ಇನ್ಸುಲಿನ್ ವಿಷಯದಲ್ಲಿ ಗಾಬರಿ ಬೇಡ. ಬಳಸಲು ಶುರು ಮಾಡಿದ ಸೀಸೆ ಅಥವಾ ಪೆನ್, ಹೆಚ್ಚಿನ ಬಗೆಗಳಲ್ಲಿ, 30 ಡಿಗ್ರಿಗಿಂತ ಕೆಳಗಿನ ಕೋಣೆಯ ಉಷ್ಣತೆಯಲ್ಲಿ ಸುಮಾರು 28 ದಿನ ಇರುತ್ತದೆ, ಡಬ್ಬಿಯೊಳಗಿನ ಚೀಟಿಯಲ್ಲಿ ಅದರ ನಿಖರ ಅವಧಿ ಇರುತ್ತದೆ. ಇನ್ನೂ ತೆರೆಯದ ಸೀಸೆಗಳನ್ನು 2ರಿಂದ 8 ಡಿಗ್ರಿಯಲ್ಲೇ ಇಡಬೇಕು, ಅವನ್ನು ಪಕ್ಕದ ಮನೆಯವರ ಫ್ರಿಜ್ಜಿಗೆ ಸೇರಿಸಿ.

ಬಿಲ್ ನಿಮ್ಮದೇ ತಾನೆ?

ದುಡ್ಡು ಹೊಂದಿಸುವ ಓಡಾಟದಲ್ಲಿ ಬಿಲ್ ಸರಿಯಿದೆಯೇ ಎಂದು ನೋಡುವುದು ಬಿಟ್ಟುಹೋಗುತ್ತದೆ. ನನ್ನ ಪ್ರಕಾರ ಅರ್ಧ ಗಂಟೆ ಇದಕ್ಕೆ ಕೊಡಲೇಬೇಕು, ಯಾಕೆಂದರೆ ತಪ್ಪು ಬಿಲ್ಲಿಗೆ ಸಿಕ್ಕ ನೆರವು ವ್ಯರ್ಥ. ಮತ್ತೆ ಅದೇ ನೆರವು ಅದೇ ವರ್ಷ ಸಿಗುವುದೂ ಕಷ್ಟ.

ಮೊದಲು ಬಿಲ್ಲಿನಲ್ಲಿರುವ ಮೀಟರ್ ಸಂಖ್ಯೆಯನ್ನೂ ಗೋಡೆಯ ಮೇಲಿರುವ ಮೀಟರಿನ ಸಂಖ್ಯೆಯನ್ನೂ ಅಂಕಿ ಅಂಕಿಯಾಗಿ ತಾಳೆ ನೋಡಿ. ಹತ್ತು ಮೀಟರ್ ಒಂದೇ ಹಲಗೆಯ ಮೇಲಿರುವ ಕಟ್ಟಡದಲ್ಲಿ ಒಬ್ಬರ ಮೀಟರ್ ಇನ್ನೊಬ್ಬರ ಹೆಸರಿಗೆ ಸೇರಿಹೋಗುವುದು ಅಪರೂಪವೇನಲ್ಲ. ಅನುಮಾನವಿದ್ದರೆ ನಿಮ್ಮ ಮನೆಯ ಮೇನ್ ಸ್ವಿಚ್ ಆರಿಸಿ, ಕೆಳಗೆ ಹೋಗಿ ಯಾವ ಮೀಟರ್ ನಿಂತಿತು ಎಂದು ನೋಡಿ. (ಆಮ್ಲಜನಕ ಯಂತ್ರವಿದ್ದರೆ ರೋಗಿಯನ್ನು ಮೊದಲು ಸಿಲಿಂಡರಿಗೆ ಬದಲಾಯಿಸಿ.) ಮೇನ್ ಆರಿಸಿದ ಮೇಲೂ ನಿಮ್ಮ ಹೆಸರಿನ ಮೀಟರ್ ಓಡುತ್ತಲೇ ಇದ್ದರೆ ಬೇರೆ ಯಾರದೋ ತಂತಿ ನಿಮ್ಮ ಮೀಟರಿಗೆ ಬಿದ್ದಿದೆ, ಇಲ್ಲವೇ ಮೀಟರಿಂದ ಮೇನ್ ತನಕದ ದಾರಿಯಲ್ಲಿ ಸೋರಿಕೆಯಿದೆ, ಅಥವಾ ಮೀಟರೇ ಕೆಟ್ಟಿದೆ. ಮೂರರಲ್ಲಿ ಯಾವುದಾದರೂ ಅದನ್ನು ಲಿಖಿತ ದೂರು ಕೊಟ್ಟು ಪರೀಕ್ಷೆ ಮಾಡಿಸಿ.

ಡಿಜಿಟಲ್ ಮೀಟರಿನಲ್ಲಿ ಸಾಸಿವೆಯಷ್ಟು ಕೆಂಪು ದೀಪ ಮಿಣುಕುತ್ತಿರುತ್ತದೆ. ಅದರ ಪಕ್ಕದಲ್ಲಿ 1600 ಅಥವಾ 3200 ಇಂಪ್ ಎಂದು ಅಚ್ಚಾಗಿರುತ್ತದೆ, ಅಂದರೆ ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್. ಇದು ಬಡವರ ಮನೆಯ ಪ್ರಯೋಗಶಾಲೆ. ಫೋನಿನ ಸ್ಟಾಪ್‌ವಾಚ್ ಹಿಡಿದು ಅದರ ಮುಂದೆ ಕೂರಿ. ಮನೆಯಲ್ಲಿ ಒಂದೇ ಒಂದು ಸಾಮಾನು ಓಡುತ್ತಿರಲಿ, ಉಳಿದದ್ದೆಲ್ಲ ಪ್ಲಗ್ಗಿನಿಂದ ಹೊರಗೆ. ಒಂದು ಮಿಣುಕು ಬಿದ್ದ ಕ್ಷಣ ಗಡಿಯಾರ ಶುರು ಮಾಡಿ, ಅದನ್ನು ಸೊನ್ನೆ ಎಂದು ಎಣಿಸಿ, ಹತ್ತನೆಯದಕ್ಕೆ ನಿಲ್ಲಿಸಿ. 3200ರ ಮೀಟರಿನಲ್ಲಿ ಹತ್ತು ಮಿಣುಕಿಗೆ 45 ಸೆಕೆಂಡ್ ಹಿಡಿಯಿತು ಎಂದುಕೊಳ್ಳಿ. 36 ಲಕ್ಷವನ್ನು (ಒಂದು ಯೂನಿಟ್ ಅಂದರೆ ಅಷ್ಟು ವ್ಯಾಟ್-ಸೆಕೆಂಡ್) ಹತ್ತರಿಂದ ಗುಣಿಸಿ, ಬಂದದ್ದನ್ನು 3200 ಮತ್ತು 45ರ ಗುಣಲಬ್ಧವಾದ 1,44,000ದಿಂದ ಭಾಗಿಸಿ: 250 ವ್ಯಾಟ್. ಓಡುತ್ತಿರುವುದು ಫ್ರಿಜ್ ಒಂದೇ ಆಗಿದ್ದು, ಅದರ ಮೋಟಾರ್ ಗಂಟೆಗಟ್ಟಲೆ ನಿಲ್ಲದೆ ಹೀಗೆ 250 ವ್ಯಾಟ್ ಎಳೆಯುತ್ತಿದ್ದರೆ ದಿನಕ್ಕೆ 6 ಯೂನಿಟ್ ಅದಕ್ಕೇ ಹೋಗುತ್ತಿದೆ. ಬಾಗಿಲಿನ ರಬ್ಬರ್ ಸಡಿಲವಾಗಿದೆಯೇ ನೋಡಿ: ಒಂದು ಕಾಗದವನ್ನು ಬಾಗಿಲಿಗೆ ಸಿಕ್ಕಿಸಿ ಎಳೆದರೆ ಬಿಗಿಯಾಗಿರಬೇಕು, ಸರಾಗ ಜಾರಿಬಂದರೆ ಅಲ್ಲಿಂದಲೇ ತಂಪು ಸೋರುತ್ತಿದೆ. ಇನ್ನೊಂದು ಎಚ್ಚರ: ಕೆಲವು ಮೀಟರುಗಳಲ್ಲಿ ಏನೂ ಓಡದಿದ್ದಾಗ ದೀಪ ಮಿಣುಕದೆ ಒಂದೇ ಸಮ ಉರಿಯುತ್ತದೆ. ಅದನ್ನು ಕಂಡು ಮೀಟರ್ ಕೆಟ್ಟಿದೆ ಅಂದುಕೊಳ್ಳಬೇಡಿ.

ಅಂದಾಜು ಬಿಲ್ಲಿನ ತೊಂದರೆ ಬೇರೆಯೇ ಬಗೆಯದು. ಮನೆಗೆ ಬೀಗ ಇತ್ತು ಎಂದೋ, ರೀಡರ್ ಬರಲಿಲ್ಲ ಎಂದೋ ಎರಡು ಮೂರು ತಿಂಗಳು ಸರಾಸರಿಯ ಮೇಲೆ ಬಿಲ್ ಬರುತ್ತದೆ. ಆಮೇಲೆ ಒಂದು ದಿನ ನಿಜವಾದ ರೀಡಿಂಗ್ ತೆಗೆದು ವ್ಯತ್ಯಾಸವನ್ನೆಲ್ಲ ಒಂದೇ ಬಿಲ್ಲಿಗೆ ತುಂಬುತ್ತಾರೆ. ಹೆಚ್ಚು ಬಳಸಿದಷ್ಟೂ ಯೂನಿಟ್ ದರ ಏರುವ ಸ್ಲ್ಯಾಬ್ ಪದ್ಧತಿ ಇರುವ ಕಡೆ ಇದು ದೊಡ್ಡ ಅನ್ಯಾಯವಾಗುತ್ತದೆ. ಮೂರು ತಿಂಗಳಲ್ಲಿ ಬಳಸಿದ್ದು 240 ಯೂನಿಟ್ ಅಂದರೆ ತಿಂಗಳಿಗೆ 80, ಅದು ಅಗ್ಗದ ಸ್ಲ್ಯಾಬಿನೊಳಗೇ ಮುಗಿಯಬಹುದಿತ್ತು. 240ನ್ನೂ ಒಂದೇ ತಿಂಗಳಿನದೆಂದು ಹಾಕಿದರೆ ದೊಡ್ಡ ಪಾಲು ದುಬಾರಿ ಸ್ಲ್ಯಾಬಿಗೆ ಹತ್ತಿಬಿಡಬಹುದು. ಕಚೇರಿಯಲ್ಲಿ ಕೇಳಬೇಕಾದ ಮಾತು ಇದು: “ಈ ಯೂನಿಟ್‌ಗಳನ್ನು ತಿಂಗಳುವಾರು ಹಂಚಿ, ಆಯಾ ತಿಂಗಳಿನ ಸ್ಲ್ಯಾಬಿನಲ್ಲಿ ಲೆಕ್ಕ ಹಾಕಿಕೊಡಿ.” ಅಂದಾಜಿನ ತಿಂಗಳುಗಳಲ್ಲಿ ಕಟ್ಟಿದ ದುಡ್ಡನ್ನು ಕಳೆದಿದ್ದಾರೆಯೇ ಎಂದೂ ನೋಡಿ.

ತೀರಾ ಹಳೆಯ ಬಾಕಿಗೂ ಒಂದು ಮಿತಿ ಇರುತ್ತದೆ. ಭಾರತದ 2003ರ ವಿದ್ಯುತ್ ಕಾಯ್ದೆಯ 56ನೇ ಕಲಂ ಪ್ರಕಾರ ಕಡಿತಕ್ಕೆ ಮುಂಚೆ ಕನಿಷ್ಠ 15 ಪೂರ್ಣ ದಿನಗಳ ಲಿಖಿತ ನೋಟಿಸ್ ಕೊಡಬೇಕು. ಬಿಲ್ಲಿನ ಬಗ್ಗೆ ತಕರಾರಿದ್ದರೆ, ಕೇಳಿದ ಮೊತ್ತವನ್ನು ಅಥವಾ ಹಿಂದಿನ ಆರು ತಿಂಗಳ ಸರಾಸರಿಯ ಲೆಕ್ಕದಲ್ಲಿ ಬರುವ ಮೊತ್ತವನ್ನು, ಎರಡರಲ್ಲಿ ಕಡಿಮೆ ಇರುವುದನ್ನು, “ಆಕ್ಷೇಪಣೆಯೊಂದಿಗೆ” ಎಂದು ಬರೆದು ಕಟ್ಟಿದರೆ ವಿವಾದ ತೀರುವ ತನಕ ಕಡಿತ ಮಾಡುವಂತಿಲ್ಲ. ಬಾಕಿ ಎಂದು ಬಿಲ್ಲುಗಳಲ್ಲಿ ಸತತವಾಗಿ ತೋರಿಸದೆ ಹೋದ ಮೊತ್ತ ಎರಡು ವರ್ಷ ಹಳೆಯದಾದರೆ ಅದಕ್ಕಾಗಿ ಫ್ಯೂಸ್ ಕೀಳುವಂತಿಲ್ಲ. ಬ್ರಿಟನ್ನಿನಲ್ಲಿ ಕಂಪನಿಯ ತಪ್ಪಿನಿಂದ ಬಿಲ್ ಆಗದೆ ಉಳಿದ ಬಳಕೆಗೆ 12 ತಿಂಗಳಿಗಿಂತ ಹಿಂದಕ್ಕೆ ಹೋಗಿ ದುಡ್ಡು ಕೇಳುವಂತಿಲ್ಲ. ಫ್ರಾನ್ಸಿನಲ್ಲಿ ನವೆಂಬರ್ 1ರಿಂದ ಮಾರ್ಚ್ 31ರ ತನಕ, ಚಳಿಗಾಲ ಪೂರ್ತಿ, ಬಾಕಿಗಾಗಿ ಮನೆಗಳ ವಿದ್ಯುತ್ ಮತ್ತು ಗ್ಯಾಸ್ ಕಡಿತ ನಿಷಿದ್ಧ. ಇಂಥ ನಿಯಮದ ಕಲಂ ಸಂಖ್ಯೆಯನ್ನು ಪತ್ರದಲ್ಲಿ ಬರೆದು ಸ್ವೀಕೃತಿ ಮುದ್ರೆ ಹಾಕಿಸಿಕೊಂಡರೆ, ಬಾಯಿಮಾತಿನ ಹತ್ತು ಬೇಡಿಕೆಗೆ ಸಿಗದ ಉತ್ತರ ಸಿಗುತ್ತದೆ.

ಅರ್ಜಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ

ಗುರುತಿನ ಚೀಟಿ, ವಿಳಾಸದ ದಾಖಲೆ, ಮನೆಯಲ್ಲಿರುವ ಎಲ್ಲರ ಆದಾಯದ ದಾಖಲೆ, ಇತ್ತೀಚಿನ ಬಿಲ್, ಕಡಿತದ ನೋಟಿಸ್, ವೈದ್ಯರ ಪತ್ರ. ಎಲ್ಲ ಕಡೆ ಕೇಳುವುದು ಹೆಚ್ಚುಕಡಿಮೆ ಇಷ್ಟನ್ನೇ. ಇವುಗಳಲ್ಲಿ ನೋಟಿಸ್ ಬಿಸಾಡಿರುವವರೇ ಹೆಚ್ಚು. ಹೆದರಿಕೆಯಿಂದ ಲಕೋಟೆ ಒಡೆಯದೇ ಇಟ್ಟಿರುವವರೂ ಇರುತ್ತಾರೆ, ಅವರನ್ನು ಗದರಬೇಡಿ. ಕಂಪನಿಯಿಂದ ಇನ್ನೊಂದು ಪ್ರತಿ ತರಿಸಬಹುದು.

ಅರ್ಜಿ ನಿಲ್ಲುವ ದೊಡ್ಡ ಕಾರಣ ಹೆಸರು. ಬಿಲ್ ಮನೆ ಮಾಲೀಕರ ಹೆಸರಿನಲ್ಲಿರುತ್ತದೆ, ಅರ್ಜಿ ಬಾಡಿಗೆದಾರರದು. ಅಥವಾ ಬಿಲ್ ತೀರಿಕೊಂಡ ಗಂಡನ ಹೆಸರಿನಲ್ಲಿ ಹತ್ತು ವರ್ಷದಿಂದ ಬರುತ್ತಿರುತ್ತದೆ, ಅರ್ಜಿದಾರರು ಹೆಂಡತಿ. ಮೊದಲನೆಯದಕ್ಕೆ ಬಾಡಿಗೆ ಕರಾರುಪತ್ರ ಮತ್ತು “ಈ ಮೀಟರಿನ ಬಿಲ್ಲನ್ನು ಇವರೇ ಕಟ್ಟುತ್ತಾರೆ” ಎಂದು ಮಾಲೀಕರ ಸಹಿಯ ಒಂದು ಪತ್ರ ಬೇಕು. ಎರಡನೆಯದಕ್ಕೆ ಮರಣ ಪ್ರಮಾಣಪತ್ರ ಮತ್ತು ಸಂಬಂಧ ತೋರಿಸುವ ದಾಖಲೆ. ಹೆಸರು ವರ್ಗಾವಣೆ ಮುಗಿಯುವ ತನಕ ಕಾಯಬೇಡಿ, ವರ್ಗಾವಣೆಗೆ ಅರ್ಜಿ ಹಾಕಿದ ರಸೀದಿಯನ್ನೇ ಲಗತ್ತಿಸಿ. ಸಬ್‌ಮೀಟರ್ ಇಟ್ಟು ಮಾಲೀಕರೇ ವಸೂಲು ಮಾಡುವ ಮನೆಯಾದರೆ, ಮುಖ್ಯ ಬಿಲ್ಲಿನ ಪ್ರತಿ ಮತ್ತು ಸಬ್‌ಮೀಟರಿನ ಎರಡು ರೀಡಿಂಗ್‌ಗಳ ಫೋಟೊ ಸೇರಿಸಿ.

ಕೂಲಿ ಮಾಡುವವರಿಗೆ ಸಂಬಳದ ಚೀಟಿ ಇರುವುದಿಲ್ಲ. ಕಳೆದ ಮೂರು ತಿಂಗಳ ಬ್ಯಾಂಕ್ ಪುಸ್ತಕದ ಪುಟಗಳು ಮತ್ತು ಯಾವ ವಾರ ಎಷ್ಟು ದಿನ ಕೆಲಸ ಸಿಕ್ಕಿತು ಎಂದು ತಾವೇ ಬರೆದು ಸಹಿ ಹಾಕಿದ ಒಂದು ಹಾಳೆ ಸಾಮಾನ್ಯವಾಗಿ ಒಪ್ಪಿಗೆಯಾಗುತ್ತದೆ. ಅಂಕಿ ಹೆಚ್ಚು ಕಡಿಮೆ ಮಾಡಿ ಬರೆಯುವ ಆಸೆ ಬೇಡ. ಬ್ಯಾಂಕ್ ಪುಟದ ಜೊತೆ ತಾಳೆಯಾಗದ ಹಾಳೆ ಇಡೀ ಅರ್ಜಿಯನ್ನೇ ಮುಳುಗಿಸುತ್ತದೆ.

ತುರ್ತು ನೆರವಿನ ಹಣ ಹೆಚ್ಚಾಗಿ ಕೈಗೆ ಬರುವುದಿಲ್ಲ, ನೇರ ಕಂಪನಿಯ ಖಾತೆಗೆ ಹೋಗುತ್ತದೆ. ಗ್ರಾಹಕ ಸಂಖ್ಯೆಯ ಒಂದು ಅಂಕಿ ತಪ್ಪಿದರೆ ಯಾರದೋ ಮನೆಯ ಬಾಕಿ ತೀರುತ್ತದೆ. ಸಂಖ್ಯೆಯನ್ನು ಬರೆಯುವ ಬದಲು ಬಿಲ್ಲಿನ ಆ ಭಾಗದ ಫೋಟೊವನ್ನೇ ಕಳಿಸಿ.

ಪ್ರಿಪೇಯ್ಡ್ ಮೀಟರಿನ ಮನೆ

ಇಲ್ಲಿ ನೋಟಿಸ್ ಇಲ್ಲ, ತಾರೀಖೂ ಇಲ್ಲ. ರೀಚಾರ್ಜ್ ಮುಗಿಯಿತು, ಕತ್ತಲಾಯಿತು. ಕಂಪನಿಯ ಲೆಕ್ಕದಲ್ಲಿ ಅದು ಕಡಿತವೂ ಅಲ್ಲ, ಅದಕ್ಕೇ ಈ ಮನೆಗಳ ಕಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ಹಲವು ಮೀಟರುಗಳಲ್ಲಿ ತುರ್ತು ಸಾಲ ಎಂಬ ಸೌಲಭ್ಯ ಇರುತ್ತದೆ, ಒಂದು ಗುಂಡಿ ಒತ್ತಿದರೆ ಸ್ವಲ್ಪ ಕರೆಂಟ್ ಮುಂಗಡವಾಗಿ ಸಿಗುತ್ತದೆ. ಅದು ಮುಂದಿನ ರೀಚಾರ್ಜಿನಲ್ಲಿ ಮೊದಲು ಮುರಿದುಕೊಳ್ಳುತ್ತದೆ ಅನ್ನುವುದನ್ನು ಮನೆಯವರಿಗೆ ಬಿಡಿಸಿ ಹೇಳಬೇಕು. ಹಳೆ ಬಾಕಿಯನ್ನು ಮೀಟರಿಗೆ ಹೊರಿಸಿದ್ದರೆ ಪ್ರತಿ ರೀಚಾರ್ಜಿನಲ್ಲೂ ಒಂದು ಪಾಲು ಅದಕ್ಕೆ ಹೋಗುತ್ತದೆ. ಜೊತೆಗೆ ದಿನದ ನಿಗದಿತ ಶುಲ್ಕ. ಕರೆಂಟ್ ಇಲ್ಲದೆ ಹತ್ತು ದಿನ ಕೂತಿದ್ದರೂ ಆ ಹತ್ತು ದಿನದ ಶುಲ್ಕ ಒಳಗೆ ಬೆಳೆಯುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ಮುಟ್ಟದ ಗ್ಯಾಸ್ ಹೀಟರಿಗೂ ಇದೇ ಕಥೆ: ಚಳಿಗಾಲದ ಮೊದಲ ರೀಚಾರ್ಜನ್ನು ತಿಂಗಳುಗಟ್ಟಲೆಯ ಶುಲ್ಕವೇ ನುಂಗಿಬಿಡುತ್ತದೆ.

ಹಾಗಾಗಿ ಇಂಥ ಮನೆಗೆ ನೆರವಿನ ಕೂಪನ್ ಕೊಡಿಸುವ ಮುಂಚೆ ಕಂಪನಿಗೆ ಫೋನ್ ಮಾಡಿ ಎರಡು ಕೇಳಿ. ಮೀಟರಿನಲ್ಲಿ ಈಗ ಒಟ್ಟು ಎಷ್ಟು ಮೈನಸ್ ಇದೆ? ಬಾಕಿ ಮುರಿದುಕೊಳ್ಳುವ ವಾರದ ದರವನ್ನು ಇಳಿಸಲು ಆಗುತ್ತದೆಯೇ? ಮೈನಸ್ ಎಷ್ಟಿದೆಯೋ ಅದಕ್ಕಿಂತ ಚಿಕ್ಕ ಕೂಪನ್ ತಂದು ಹಾಕಿದರೆ ದೀಪ ಹತ್ತುವುದಿಲ್ಲ. ಆ ನಿರಾಸೆಯನ್ನು ಯಾವ ಮನೆಗೂ ಕೊಡಬಾರದು.

ಕಂತಿನ ಒಪ್ಪಂದದಲ್ಲಿ ಆಗುವ ತಪ್ಪು ಒಂದೇ: ಭಯದಲ್ಲಿ ದೊಡ್ಡ ಕಂತಿಗೆ ಒಪ್ಪಿಕೊಳ್ಳುವುದು. ಬಾಕಿ ಆರು ತಿಂಗಳ ಬಿಲ್ಲಿನಷ್ಟಿದೆ ಎಂದುಕೊಳ್ಳಿ. ಅದನ್ನು 12 ಕಂತು ಮಾಡಿದರೆ ಪ್ರತಿ ತಿಂಗಳೂ ಆ ತಿಂಗಳ ಬಿಲ್ ಜೊತೆಗೆ ಅದರ ಅರ್ಧ, ಅಂದರೆ ಒಂದೂವರೆ ಬಿಲ್. 6 ಕಂತು ಮಾಡಿದರೆ ಎರಡು ಬಿಲ್. ಒಂದು ಬಿಲ್ಲನ್ನೇ ಕಟ್ಟಲಾಗದ ಮನೆ ಎರಡನ್ನು ಹೇಗೆ ಕಟ್ಟೀತು? ಒಂದು ಕಂತು ತಪ್ಪಿದರೆ ಒಪ್ಪಂದ ಮುರಿದು ಪೂರ್ತಿ ಬಾಕಿ ಒಟ್ಟಿಗೇ ಬಾಗಿಲಿಗೆ ಬರುತ್ತದೆ, ಎರಡನೇ ಒಪ್ಪಂದಕ್ಕೆ ಅವರು ಸುಲಭದಲ್ಲಿ ಒಪ್ಪುವುದಿಲ್ಲ. 24 ಕಂತು ಕೇಳಿ, 18ಕ್ಕೆ ಬಂದು ನಿಲ್ಲಲಿ. ಕಂತಿನ ತಾರೀಖು ಸಂಬಳ ಅಥವಾ ಪಿಂಚಣಿ ಬಂದ ಮರುದಿನಕ್ಕೆ ಬೀಳುವಂತೆ ಕೇಳಿಕೊಳ್ಳಿ. ಮೊಬೈಲ್ ಆ್ಯಪ್‌ನ ತತ್‌ಕ್ಷಣದ ಸಾಲ ತೆಗೆದು ಬಿಲ್ ಕಟ್ಟುವುದಂತೂ ಬೇಡವೇ ಬೇಡ. ಕಂಪನಿಯ ಬಾಕಿಗೆ ನೋಟಿಸ್, ಕಂತು, ಮೇಲ್ಮನವಿ ಎಲ್ಲ ಇವೆ, ಆ ಸಾಲಕ್ಕೆ ಏನೂ ಇಲ್ಲ.

“ಇವತ್ತು ರಾತ್ರಿ 9.30ಕ್ಕೆ ನಿಮ್ಮ ಕರೆಂಟ್ ಕಟ್ ಆಗುತ್ತದೆ, ಕೂಡಲೇ ಈ ನಂಬರಿಗೆ ಫೋನ್ ಮಾಡಿ” ಎಂದು ಬರುವ ಸಂದೇಶ ಮೋಸ. ಫೋನ್ ಮಾಡಿದರೆ ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸಿ ಬ್ಯಾಂಕ್ ಖಾತೆ ಖಾಲಿ ಮಾಡುತ್ತಾರೆ. ನಿಜವಾಗಿಯೂ ಬಾಕಿ ಇರುವ ಮನೆಯವರೇ ಇದಕ್ಕೆ ಬೇಗ ಬೀಳುವುದು, ಅವರು ಮೊದಲೇ ಹೆದರಿರುತ್ತಾರೆ. ಫೋನ್ ಮಾಡುವುದಾದರೆ ಹಳೆಯ ಬಿಲ್ಲಿನ ಮೇಲೆ ಅಚ್ಚಾದ ನಂಬರಿಗೆ ಮಾತ್ರ.

ಕಡಿತ ಆಗಿಯೇ ಹೋದರೆ

ಮೀಟರ್ ತಪ್ಪಿಸಿ ತಂತಿ ಎಳೆದುಕೊಡುತ್ತೇನೆ ಎನ್ನುವವರು ಅದೇ ಸಂಜೆ ಬರುತ್ತಾರೆ. ಒಪ್ಪಬೇಡಿ. ಫ್ಯೂಸ್ ರಕ್ಷಣೆ ಇಲ್ಲದ ತಂತಿ ಬಿಸಿಯಾಗಿ ಬೆಂಕಿ ಹೊತ್ತುವ ಅಪಾಯ ಒಂದು ಕಡೆ, ಬಾಕಿಯ ಪ್ರಕರಣ ಕಳ್ಳತನದ ಪ್ರಕರಣವಾಗಿ ನೆರವಿನ ಬಾಗಿಲೆಲ್ಲ ಮುಚ್ಚುವುದು ಇನ್ನೊಂದು ಕಡೆ.

ಫ್ರಿಜ್ಜಿನ ಬಾಗಿಲು ತೆರೆಯದಿದ್ದರೆ ಒಳಗಿನ ಆಹಾರ ಸುಮಾರು 4 ಗಂಟೆ ಸುರಕ್ಷಿತ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೆಯುತ್ತದೆ. ಚಳಿ ಇರುವ ಕಡೆ ಎಲ್ಲರೂ ಒಂದೇ ಕೋಣೆಗೆ ಸೇರಿ, ಬಾಗಿಲ ಸಂದಿಗೆ ಬಟ್ಟೆ ತುರುಕಿ. ಸಮಶೀತೋಷ್ಣ ಮತ್ತು ಶೀತ ಹವೆಯ ನಾಡುಗಳಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2018ರ ವಸತಿ ಮಾರ್ಗಸೂಚಿ ಹೇಳುತ್ತದೆ. ವಯಸ್ಸಾದವರು, ಹಸುಗೂಸು ಇದ್ದರೆ ಅದಕ್ಕಿಂತ ತುಸು ಬೆಚ್ಚಗಿರಬೇಕು. ಆದರೆ ಇದ್ದಿಲ ಒಲೆಯನ್ನು ಒಳಗೆ ತಂದು ಬಾಗಿಲು ಮುಚ್ಚುವುದು, ಜನರೇಟರನ್ನು ವರಾಂಡದಲ್ಲಿ ಓಡಿಸುವುದು, ಇವೆರಡೂ ಪ್ರಾಣಕ್ಕೆ ಎರವು. ಅವುಗಳಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಮನೆಯಲ್ಲಿ ಒಟ್ಟಿಗೇ ಇಬ್ಬರಿಗೆ ಬಂದರೆ ಕಾರಣ ಹುಡುಕುತ್ತಾ ಕೂರದೆ ಎಲ್ಲರನ್ನೂ ಹೊರಗೆ ಕರೆದುಕೊಂಡು ಬನ್ನಿ, ಆಂಬ್ಯುಲೆನ್ಸಿಗೆ ಫೋನ್ ಮಾಡಿ. ಜನರೇಟರ್ ಮನೆಯಿಂದ ಕನಿಷ್ಠ 20 ಅಡಿ ದೂರವಿರಲಿ. ಮೇಣದಬತ್ತಿಗಿಂತ ಟಾರ್ಚ್ ಮೇಲು, ಆಮ್ಲಜನಕ ಇರುವ ಮನೆಯಲ್ಲಂತೂ ಯಾವ ಜ್ವಾಲೆಯೂ ಹತ್ತಿರ ಸುಳಿಯಬಾರದು.

ಹಣ ಕಟ್ಟಿದ ಮೇಲೂ ಸಂಪರ್ಕ ತಾನಾಗಿ ಬರುತ್ತದೆ ಎಂದು ಕಾಯಬೇಡಿ. ರಸೀದಿ ಸಂಖ್ಯೆ ಹೇಳಿ ಮರುಸಂಪರ್ಕದ ಕೋರಿಕೆ ದಾಖಲಿಸಬೇಕು. ಮರುಸಂಪರ್ಕ ಶುಲ್ಕ ಪ್ರತ್ಯೇಕ ಇದ್ದರೆ ಅದನ್ನು ಮನ್ನಾ ಮಾಡಲು ಅಥವಾ ಮುಂದಿನ ಬಿಲ್ಲಿಗೆ ಸೇರಿಸಲು ಕೇಳಿ. ಲೈನ್‌ಮ್ಯಾನ್ ಬರುವ ಮುಂಚೆ ಇಸ್ತ್ರಿ ಪೆಟ್ಟಿಗೆ, ಹೀಟರ್, ಗೀಸರ್, ವಿದ್ಯುತ್ ಒಲೆ ಎಲ್ಲದರ ಸ್ವಿಚ್ ಆರಿಸಿಡಿ. ಕರೆಂಟ್ ಹೋದ ಹೊತ್ತಿನಲ್ಲಿ ಆನ್ ಆಗಿಯೇ ಉಳಿದ ಒಲೆಯ ಮೇಲೆ ಈ ನಡುವೆ ಯಾರೋ ಬಟ್ಟೆ ಇಟ್ಟಿರಬಹುದು. ಕೆಲವು ಸ್ಮಾರ್ಟ್ ಮೀಟರುಗಳು ಕರೆಂಟ್ ಕೊಡುವ ಮುಂಚೆ ಗುಂಡಿ ಒತ್ತಿ ಎಂದು ಕೇಳುವುದೂ ಇದಕ್ಕೇ. ದುಡ್ಡು ಹೋಗಿದೆ, ರಸೀದಿ ಇದೆ, ಆದರೂ ದೀಪ ಇಲ್ಲ ಎಂದಾದರೆ ಮೊದಲು ಮೀಟರಿನ ಪರದೆಯ ಮೇಲೆ ಆ ಸೂಚನೆ ಇದೆಯೇ ನೋಡಿ.

ಕರೆಂಟ್ ಬಂದ ಕೂಡಲೇ ಮೀಟರ್ ರೀಡಿಂಗ್ ಫೋಟೊ ತೆಗೆದು ತಾರೀಖು ಬರೆದಿಡಿ. ಒಂದು ವಾರದ ನಂತರ ಅದೇ ಹೊತ್ತಿಗೆ ಇನ್ನೊಂದು ಫೋಟೊ. ಎರಡರ ವ್ಯತ್ಯಾಸವನ್ನು 7ರಿಂದ ಭಾಗಿಸಿ 30ರಿಂದ ಗುಣಿಸಿದರೆ ಬರುವ ಬಿಲ್ಲಿನ ಯೂನಿಟ್ ಮೂರು ವಾರ ಮುಂಚೆಯೇ ಗೊತ್ತಾಗುತ್ತದೆ. ಅದು ಕಂತಿನ ಜೊತೆ ಸೇರಿ ಕೈಮೀರುವಂತಿದ್ದರೆ, ಕಂತಿನ ತಾರೀಖು ಬರುವ ಮುಂಚೆಯೇ ಕಂಪನಿಗೆ ಫೋನ್ ಮಾಡಿ ಮೊದಲ ಕರೆಯ ದೂರು ಸಂಖ್ಯೆಯನ್ನು ಹೇಳಿ.